ಲವಂಗದ ತೊಟ್ಟಿನ ಬದನೆಕಾಯಿ

ಕೇಕಿನ ಮೇಲೆ ಗುಲಾಬಿ ಹೂ ಬಿಡಿಸಿಟ್ಟರೆ ಮಂಡ್ಯದಲ್ಲಿ ಯಾರೂ ತಕರಾರು ತೆಗೆಯುವುದಿಲ್ಲ. ಅದಕ್ಕೆ ಎಂಟು ಎಸಳಿರಲಿ, ಹದಿನೆಂಟಿರಲಿ, ಬಣ್ಣ ನೀಲಿಯೇ ಇರಲಿ, ಚೆನ್ನಾಗೈತೆ ಅಂದು ಫೋಟೊ ಹೊಡೆದುಕೊಂಡು ಚಾಕು ಹಾಕುತ್ತಾರೆ. ಸಕ್ಕರೆಯ ಬದನೆಕಾಯಿ ಇಟ್ಟು ನೋಡಿ. ಹೆಬ್ಬೆರಳಿನ ಉಗುರಿನಷ್ಟಿರುವ ಅದನ್ನು ಎತ್ತಿಕೊಂಡು, ಕನ್ನಡಕ ಮೇಲಕ್ಕೇರಿಸಿ, ಹಿಂದೆ ಮುಂದೆ ತಿರುಗಿಸಿ, "ಇದು ನಾಟಿ ಅಲ್ಲ ಕಣವ್ವ, ಹೈಬ್ರಿಡ್ಡು" ಎಂದು ತೀರ್ಪು ಕೊಡುವ ಯಜಮಾನರೊಬ್ಬರು ಹುಟ್ಟುಹಬ್ಬದ ಮಂಟಪದಲ್ಲಿ ಇದ್ದೇ ಇರುತ್ತಾರೆ. ಅವರ ಪಕ್ಕದಲ್ಲಿ ನಿಂತ ಹೆಂಗಸು ಟೊಮೆಟೊ ಒತ್ತಿ ನೋಡುತ್ತಾಳೆ. ಸಂತೆಯಲ್ಲಿ ಒತ್ತಿದಷ್ಟೇ ಗಟ್ಟಿಯಾಗಿ ಒತ್ತುತ್ತಾಳೆ. ನನ್ನ ಅರ್ಧ ಗಂಟೆಯ ಕೆಲಸ ಅಲ್ಲಿಗೆ ಚಪ್ಪಟೆ.

ಮನೆಯಲ್ಲೇ ಕೇಕು ಮಾಡಿ ಮಾರುವ ನನ್ನಂಥವರು ಈಗ ಮಂಡ್ಯದ ಬಡಾವಣೆ ಬಡಾವಣೆಯಲ್ಲೂ ಇದ್ದಾರೆ. ಮಗುವಿನ ಮೊದಲನೇ ಹುಟ್ಟುಹಬ್ಬಕ್ಕೆ ಕಲ್ಯಾಣ ಮಂಟಪ ಹಿಡಿಯುವ ಕಾಲ ಬಂದ ಮೇಲೆ ನಮಗೆಲ್ಲ ಕೈತುಂಬ ಕೆಲಸ. ಮೊದಮೊದಲು ಕಾರು, ಗೊಂಬೆ, ಟೀವಿಯಲ್ಲಿ ಬರುವ ಕರಡಿ, ಇಲಿ ಕೇಳುತ್ತಿದ್ದರು. ಆಮೇಲೆ ಯಾರ ತಲೆಗೆ ಹೊಳೆಯಿತೋ, "ನಮ್ಮ ಜಮೀನು ಮಾಡಿಕೊಡಿ" ಎನ್ನುವುದು ಶುರುವಾಯಿತು. ಮಗು ಹುಟ್ಟಿದ್ದು ಬೆಂಗಳೂರಿನ ಫ್ಲ್ಯಾಟಿನಲ್ಲಿ, ಅಪ್ಪ ಅಮ್ಮ ಇಬ್ಬರೂ ಕಂಪ್ಯೂಟರ್ ಮುಂದೆ ಕೂರುವವರು. ಹುಟ್ಟುಹಬ್ಬ ಮಾತ್ರ ಊರಲ್ಲಿ, ಕೇಕಿನ ಮೇಲೆ ತಾತನ ಹೊಲ. ಕಬ್ಬಿನ ಸಾಲು, ಒಂದು ಜೊತೆ ಹಳ್ಳಿಕಾರ್ ಎತ್ತು, ಬದುವಿನ ಮೇಲೆ ತೆಂಗು, ಮುಂದುಗಡೆ ತರಕಾರಿ ಮಡಿ. ಎತ್ತು ಮಾಡುವುದೇ ಕಷ್ಟವಿರಬೇಕು ಎಂದು ಎಲ್ಲರೂ ಕೇಳುತ್ತಾರೆ. ಎತ್ತಿಗೆ ಕೊಂಬು ಉದ್ದಕ್ಕೆ ಹಿಂದಕ್ಕೆ ಬಾಗಿ ಬಂದರೆ ಸಾಕು, ಉಳಿದದ್ದನ್ನು ಜನ ಹೊಟ್ಟೆಗೆ ಹಾಕಿಕೊಳ್ಳುತ್ತಾರೆ. ತರಕಾರಿಗೆ ಮಾಫಿ ಇಲ್ಲ.

ಈ ತರಕಾರಿಯ ಸಾಮಾನು ಬಹುಮಟ್ಟಿಗೆ ಸಕ್ಕರೆ. ನಮ್ಮದು ಸಕ್ಕರೆ ನಾಡು. ಕೆನಡಾದಿಂದ ಬಂದು ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಆಸಕ್ತಿಯಿಂದ 1933ರಲ್ಲಿ ಇಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ನಾಲೆಯ ನೀರು, ಕಬ್ಬು, ಫ್ಯಾಕ್ಟರಿಯ ಸೈರನ್ನು ಇವುಗಳ ನಡುವೆ ಊರು ಬೆಳೆಯಿತು. ಇಷ್ಟಾಗಿಯೂ ಕೇಕಿನವರು ಕೇಳುವ ಐಸಿಂಗ್ ಸಕ್ಕರೆ ನಮಗೆ ಹೊರಗಿನಿಂದ ಪ್ಯಾಕೆಟ್ಟಿನಲ್ಲಿ ಬರಬೇಕು. ಮಿಕ್ಸಿಯಲ್ಲಿ ಪುಡಿ ಮಾಡಿದ ಸಕ್ಕರೆ ಎಷ್ಟು ನುಣ್ಣಗಾಯಿತು ಅಂದರೂ ಬೆರಳಿಗೆ ತರಿ ಸಿಗುತ್ತದೆ. ತೆಳ್ಳನೆ ಬಟ್ಟೆಯಲ್ಲಿ ಜರಡಿ ಹಿಡಿದು, ಒಂದಿಷ್ಟು ಕಾರ್ನ್‌ಫ್ಲೋರ್ ಬೆರೆಸಿಟ್ಟರೆ ಕೆಲಸಕ್ಕೆ ಬರುತ್ತದೆ, ಆದರೆ ಅಡುಗೆಮನೆಯ ತುಂಬ ಬಿಳಿ ದೂಳು, ಮರುದಿನ ಇರುವೆಗಳ ಮೆರವಣಿಗೆ. ಅಂಗಡಿಯ ಫಾಂಡಂಟ್ ಅನ್ನೋದು ಇದೇ ಐಸಿಂಗ್ ಸಕ್ಕರೆಗೆ ಗ್ಲೂಕೋಸು, ಗ್ಲಿಸರಿನ್, ಅಂಟು ಸೇರಿಸಿ ನಾದಿದ ಹಿಟ್ಟು. ಅಂಟಿಗೆ ಜೆಲಟಿನ್ ಹಾಕಿದ್ದರೆ ಅದು ಪ್ರಾಣಿಯ ಮೂಳೆ, ಚರ್ಮದಿಂದ ಬಂದದ್ದು. ಬೀಗರೂಟದ ಮಾಂಸದಡುಗೆಗೆ ಹೆಸರಾದ ಜಿಲ್ಲೆಯಲ್ಲಿ ಅದಕ್ಕೇನು ಎಂದು ಕೇಳಬಹುದು. ಕೇಕು ಕತ್ತರಿಸುವುದು ಸೋಮವಾರ ಬಿದ್ದರೆ ಕೇಳುತ್ತಾರೆ, ಶ್ರಾವಣದಲ್ಲಿ ಬಿದ್ದರೆ ಎರಡು ಸಲ ಕೇಳುತ್ತಾರೆ. ಅದಕ್ಕೇ ಪ್ಯಾಕೆಟ್ಟಿನ ಮೇಲೆ ಹಸಿರು ಚುಕ್ಕೆ ನೋಡಿ ತರುವುದು. ಮನೆಯಲ್ಲಿ ಮಾಡಿದರೆ ಕಡಲಪಾಚಿಯ ಅಗರ್ ಅಗರ್.

ಫಾಂಡಂಟಿನ ಮೇಲೆ ನನಗೆ ಅಂಥ ಪ್ರೀತಿಯೇನೂ ಇಲ್ಲ. ನೋಡುವುದಕ್ಕೆ ಚೆಂದ, ತಿನ್ನುವುದಕ್ಕೆ ಬರೀ ಸಿಹಿ. ತಿನ್ನುವಂಥ ತರಕಾರಿ ಬೇಕಾದರೆ ಗೋಡಂಬಿಯೇ ಸರಿ. ಗೋಡಂಬಿಯನ್ನು ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಬೇಕು, ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಡುತ್ತದೆ. ಒಂದೆಳೆ ಪಾಕಕ್ಕೆ ಪುಡಿ ಹಾಕಿ, ತಳ ಬಿಡುವ ತನಕ ಕೆದಕಿ, ಬಿಸಿ ಆರುವ ಮೊದಲೇ ತುಪ್ಪದ ಕೈಯಲ್ಲಿ ನಾದಿದರೆ ಚಪಾತಿ ಹಿಟ್ಟಿನ ಹದಕ್ಕೆ ಬರುತ್ತದೆ. ಸಿಸಿಲಿ ದ್ವೀಪದ ಪಲೆರ್ಮೊದಲ್ಲಿ ಇದನ್ನೇ ಬಾದಾಮಿಯಲ್ಲಿ ಮಾಡಿ, ನಿಜವಾದ ಹಣ್ಣೇ ಎಂದು ಭ್ರಮೆ ಹುಟ್ಟುವ ಹಾಗೆ ತಿದ್ದಿ ಬಣ್ಣ ಹಚ್ಚುತ್ತಾರೆ. ಅಲ್ಲಿನ ಮಾರ್ಟೊರಾನಾ ಮಠದ ಸನ್ಯಾಸಿನಿಯರಿಂದ ಅದಕ್ಕೆ ಹೆಸರು ಬಂತು. ನವೆಂಬರಿನಲ್ಲಿ ಸತ್ತವರ ಹಬ್ಬ ಬಂದರೆ ಅಂಗಡಿಗಳ ತುಂಬ ಅದೇ. ಸ್ವಿಟ್ಜರ್ಲೆಂಡಿನ ಆರ್ಗೌ ಪ್ರಾಂತ್ಯದವರು ಕ್ಯಾರೆಟ್ ತುರಿದು ಕೇಕು ಮಾಡಿ, ಒಂದೊಂದು ತುಂಡಿಗೆ ಒಂದೊಂದು ಬಾದಾಮಿ ಹಿಟ್ಟಿನ ಪುಟಾಣಿ ಕ್ಯಾರೆಟ್ ಇಡುತ್ತಾರೆ. ಒಳಗೆ ಏನಿದೆ ಎಂದು ಹೊರಗಿನಿಂದಲೇ ಗೊತ್ತಾಗುತ್ತದೆ, ಇದಕ್ಕಿಂತ ಪ್ರಾಮಾಣಿಕ ಅಲಂಕಾರ ಇನ್ನೊಂದಿಲ್ಲ. ಪೋರ್ಚುಗೀಸರು ಈ ವಿದ್ಯೆಯನ್ನು ಗೋವಾಕ್ಕೆ ತಂದಾಗ ಬಾದಾಮಿಯ ಜಾಗದಲ್ಲಿ ಅಲ್ಲಿನ ಗೋಡಂಬಿ ಕೂತುಕೊಂಡಿತು. ಗೋವಾ, ಮಂಗಳೂರು ಕಡೆಯ ಕ್ರಿಸ್‌ಮಸ್ ತಟ್ಟೆಯಲ್ಲಿ ಅದನ್ನು ಇವತ್ತಿಗೂ ನೋಡಬಹುದು. ಮಂಡ್ಯದ ಮಟ್ಟಿಗೆ ಅದು ಗೋಡಂಬಿ ಬರ್ಫಿ. ಹಾಗೆ ಹೇಳಿದರೇ ಅಜ್ಜಿಯರು ಬಾಯಿಗೆ ಹಾಕಿಕೊಳ್ಳುವುದು.

ಇನ್ನು ಒಂದೊಂದೇ ತರಕಾರಿಗೆ ಬರೋಣ.

ಆಲೂಗೆಡ್ಡೆ ಎಲ್ಲಕ್ಕಿಂತ ಸಲೀಸು. ಉಂಡೆ ಮಾಡಿ, ಒಂದು ಕಡೆ ಅಮುಕಿ, ಹಲ್ಲುಕಡ್ಡಿಯಿಂದ ಅಲ್ಲಲ್ಲಿ ಚುಚ್ಚಿ, ಕೋಕೋ ಪುಡಿಯಲ್ಲಿ ಉರುಳಿಸಿದರೆ ಮಣ್ಣಿಂದ ಈಗ ಕಿತ್ತದ್ದು. ಕ್ಯಾರೆಟ್ಟಿಗೆ ಚಾಕುವಿನ ಬೆನ್ನಿನಿಂದ ಅಡ್ಡಗೆರೆ ಹಾಕಿ, ಗೆರೆಯೊಳಗೆ ಅದೇ ಕೋಕೋ ಸವರಬೇಕು. ಹೂಕೋಸಿಗೆ ಟೀ ಸೋಸುವ ಜಾಲರಿ: ಹಿಟ್ಟನ್ನು ಹಿಂದಿನಿಂದ ಒತ್ತಿದರೆ ಮುಂದೆ ಕುಚ್ಚು ಕುಚ್ಚಾಗಿ ಹೊರಬರುತ್ತದೆ, ಕೆರೆದು ಉಂಡೆಗೆ ಅಂಟಿಸುವುದು. ಎಲೆಕೋಸು ತಾಳ್ಮೆಯ ಕೆಲಸ. ಹಿಟ್ಟನ್ನು ಪಾರದರ್ಶಕ ಆಗುವಷ್ಟು ತೆಳ್ಳಗೆ ಲಟ್ಟಿಸಿ, ತೊಳೆದು ಒರೆಸಿದ ಎಳೆ ವೀಳ್ಯದೆಲೆಯ ಬೆನ್ನಿಗೆ ಒತ್ತಿ, ನರಗಳ ಅಚ್ಚು ತೆಗೆದುಕೊಂಡು, ಒಂದರ ಮೇಲೊಂದು ಸುತ್ತಬೇಕು. ನರ ಮೂಡಿಸುವ ಪ್ಲಾಸ್ಟಿಕ್ ಅಚ್ಚು ದುಡ್ಡು ಕೊಟ್ಟರೆ ಸಿಗುತ್ತದೆ. ವೀಳ್ಯದೆಲೆ ಮನೆಯಲ್ಲೇ ಇರುತ್ತದೆ, ಕೆಲಸ ಮುಗಿದ ಮೇಲೆ ಅತ್ತೆಯವರಿಗೆ ಅಡಿಕೆ ಜೊತೆ ಸಂದಾಯ.

ಇಲ್ಲಿಯ ತನಕ ಎಲ್ಲವೂ ಊಟಿ ತರಕಾರಿ. ಇವುಗಳನ್ನು ಮಾಡಿಟ್ಟರೆ ಯಾರೂ ಏನೂ ಅನ್ನುವುದಿಲ್ಲ, ಯಾಕೆಂದರೆ ನಮ್ಮ ಯಜಮಾನರು ಅವನ್ನು ಅಷ್ಟಾಗಿ ಬೆಳೆದವರಲ್ಲ. ಕಷ್ಟ ಇರುವುದು ಬೆಂಡೆ, ಬದನೆ, ಹೀರೆ, ಹಾಗಲದಲ್ಲಿ. ಬೆಂಡೆಕಾಯಿಗೆ ಏಣು ಸಾಮಾನ್ಯವಾಗಿ ಐದು. ಬಾಚಣಿಗೆಯ ಹಲ್ಲಿನಲ್ಲಿ ಗೀರೆಳೆಯಿರಿ ಎಂದು ಹೊರದೇಶದ ವೀಡಿಯೋಗಳಲ್ಲಿ ತೋರಿಸುತ್ತಾರೆ. ಹಾಗೆಳೆದರೆ ಹತ್ತೋ ಹನ್ನೆರಡೋ ಆಗಿ ಎಳೆ ಹೀರೆಕಾಯಿಯಾಗಿಬಿಡುತ್ತದೆ. ಹತ್ತು ಏಣು ಹೀರೆಯದ್ದು. ಮಾರಾಟಕ್ಕೆ ಇಡುವ ಮಣ್ಣಿನ ಗೊಂಬೆಯಲ್ಲಿ ಈ ಲೆಕ್ಕ ನಡೆಯಬಹುದು, ಮದ್ದೂರಿನ ಮಂಟಪದಲ್ಲಿ ನಡೆಯುವುದಿಲ್ಲ. ಹಾಗಲಕಾಯಿಯ ಮೈಮೇಲಿನ ಗುಳ್ಳೆಗಳಲ್ಲಿ ದೊಡ್ಡವು ಸಾಲು ಹಿಡಿದಿರುತ್ತವೆ, ನಡುನಡುವೆ ಸಣ್ಣವು ಚೆಲ್ಲಾಪಿಲ್ಲಿ. ಪಡವಲಕಾಯಿ ನೇರವಾಗಿದ್ದರೆ, "ಕಲ್ಲು ಕಟ್ಟಿದ್ರಾ?" ಎಂದು ಕೇಳುತ್ತಾರೆ. ಚಪ್ಪರದಲ್ಲಿ ಕಾಯಿ ಸುರುಳಿ ಸುತ್ತದಿರಲೆಂದು ತುದಿಗೆ ಕಲ್ಲು ಕಟ್ಟಿ ಬೆಳೆಸಿದವರ ಪ್ರಶ್ನೆ ಅದು. ನಾನು ಈಚೆಗೆ ಒಂದು ಪುಟ್ಟ ಕಲ್ಲನ್ನೂ ಕಟ್ಟಿಯೇ ಕೊಡುತ್ತೇನೆ, ಸಕ್ಕರೆಯದ್ದು.

ಬದನೆಯದ್ದೇ ಬೇರೆ ಅಧ್ಯಾಯ. ಬದನೆ, ಟೊಮೆಟೊ ಎರಡೂ ಒಂದೇ ಕುಟುಂಬದವು, ಎರಡರ ತಲೆಯ ಮೇಲೂ ಹಸಿರು ನಕ್ಷತ್ರದ ಟೋಪಿ. ಟೊಮೆಟೊ ಬಲಿತಂತೆ ಅದರ ಟೋಪಿ ಹಿಂದಕ್ಕೆ ಮಡಚಿಕೊಂಡು ಹಣ್ಣಿನಿಂದ ದೂರ ನಿಲ್ಲುತ್ತದೆ. ಬದನೆಯದ್ದು ಕಾಯಿಯನ್ನು ಅಪ್ಪಿ ಹಿಡಿದಿರುತ್ತದೆ. ನಾಟಿಯಾದರೆ ಅದರಲ್ಲಿ ಮುಳ್ಳೂ ಉಂಟು. ಇದನ್ನು ನನಗೆ ತೋರಿಸಿಕೊಟ್ಟದ್ದು ಯಾವ ಕೇಕು ತರಗತಿಯೂ ಅಲ್ಲ, ಮಳವಳ್ಳಿಯಲ್ಲಿರುವ ನನ್ನ ಸೋದರಮಾವ. ಬೀದಿಯಲ್ಲಿ ತರಕಾರಿ ಗಾಡಿ ತಳ್ಳಿ ಮೂರು ಮಕ್ಕಳನ್ನು ಓದಿಸಿದವರು. ನಾನು ಮಾಡಿದ ಬದನೆಕಾಯಿಯನ್ನು ಅಂಗೈ ಮೇಲಿಟ್ಟುಕೊಂಡು, "ಮೊಗ, ಇದರ ತೊಟ್ಟು ಹಿಡಿದು ಎತ್ತಿದ್ರೆ ಕಾಯಿ ಬರಬೇಕು. ನಿಂದು ತೊಟ್ಟೇ ಕಿತ್ಕೊಂಡು ಬತ್ತದೆ" ಎಂದರು. ಅದಕ್ಕೆ ಲವಂಗ. ಲವಂಗದ ಕಡ್ಡಿಯನ್ನು ಕಾಯಿಯೊಳಗೆ ಚುಚ್ಚಿ, ನಾಲ್ಕು ಮೂಲೆಯ ತಲೆಯನ್ನು ಹೊರಗೆ ಬಿಟ್ಟು, ಹಸಿರು ಹಿಟ್ಟಿನ ನಕ್ಷತ್ರವನ್ನು ಅದರ ಕೆಳಗೆ ಕೂರಿಸಿದರೆ ತೊಟ್ಟು ಹಿಡಿದು ಎತ್ತಬಹುದು. ಮಿಠಾಯಿ ಅಂಗಡಿಯವರು ಗೋಡಂಬಿ ಸೇಬಿಗೆ ಮಾಡುವುದೂ ಇದನ್ನೇ, ಹೊಸದೇನಲ್ಲ. ಮುಳ್ಳಿಗೆ ಹುರಿದ ಬಿಳಿ ಎಳ್ಳಿನ ಚೂಪು ತುದಿ. ಮಾವ ಈಗ ಒಪ್ಪಿದ್ದಾರೆ. "ಪಲ್ಯ ಮಾಡಬೋದು" ಅನ್ನುವುದು ಅವರ ಪ್ರಶಸ್ತಿ.

ಅವರೆಕಾಯಿ ಮಾಡಬಹುದು, ಸೊಗಡು ಮಾಡಲಾಗದು. ಅದರಲ್ಲಿ ಮಾವನೂ ರಿಯಾಯಿತಿ ಕೊಟ್ಟಿದ್ದಾರೆ.

ಬಣ್ಣದ ವಿಷಯದಲ್ಲಿ ನಗುವ ಹಾಗಿಲ್ಲ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗಳಿಗೆ ರೋಡಮೈನ್-ಬಿಯಂಥ ಬಣ್ಣ ಹಾಕುವುದನ್ನು ನಿಷೇಧಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಇಲಾಖೆ ಕೇಕುಗಳನ್ನು ಪರೀಕ್ಷಿಸಿದಾಗ 235 ಮಾದರಿಗಳಲ್ಲಿ 12 ಅಸುರಕ್ಷಿತ ಎಂದು ಬಂತು. ಕಾರಣ ಕೃತಕ ಬಣ್ಣ, ಅದರಲ್ಲೂ ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್ ಥರದ ಕೇಕುಗಳಲ್ಲಿ. ಆ ವಾರ ಫೋನ್ ಮಾಡಿದವರೆಲ್ಲ, "ಅಕ್ಕಾ, ಬಿಳಿ ಕೇಕೇ ಮಾಡಿ" ಅಂದರು. ಬಿಳಿ ಬದನೆ, ಬಿಳಿ ಟೊಮೆಟೊ ಇಟ್ಟು ಕೊಡಲಾದೀತೇ? ಅರಿಸಿನ, ಪಾಲಕ್ ರಸ, ಬೀಟ್‌ರೂಟ್ ಪುಡಿ ಇವೇ ನನಗೆ ದಕ್ಕಿದವು. ರಸ ನೀರಾಗಿದ್ದರೆ ಹಿಟ್ಟು ಕೈಗಂಟುತ್ತದೆ, ಸಣ್ಣ ಉರಿಯಲ್ಲಿ ಬತ್ತಿಸಿಕೊಳ್ಳಬೇಕು. ಬದನೆಯ ಬಣ್ಣಕ್ಕೆ ಬೇಲಿಯ ಮೇಲಿನ ಶಂಖಪುಷ್ಪ: ಹೂವನ್ನು ಬಿಸಿನೀರಿಗೆ ಹಾಕಿದರೆ ನೀಲಿ, ನಾಲ್ಕು ಹನಿ ನಿಂಬೆರಸ ಬಿದ್ದರೆ ನೇರಳೆ. ಅಂಗಡಿಯ ಜೆಲ್ ಬಣ್ಣದಷ್ಟು ಗಾಢವಾಗಿ ಬರುವುದಿಲ್ಲ, ತಿಳಿ ನೇರಳೆಯಾಗಿ ಅಲ್ಲಲ್ಲಿ ಬಿಳಿ ಗೀರು ಉಳಿಯುತ್ತದೆ. ನಾಟಿ ಬದನೆ ಇರುವುದೇ ಹಾಗೆ. ಹೊಳೆಯುವ ಕಡು ನೇರಳೆ ಹೈಬ್ರಿಡ್ಡಿನ ಲಕ್ಷಣ, ಯಜಮಾನರ ಆಕ್ಷೇಪ ಶುರುವಾದದ್ದೇ ಅದರಿಂದ. ಮಡಿಯ ಮಣ್ಣಿಗೆ ಬಿಸ್ಕತ್ತು, ಬೆಲ್ಲದ ಪುಡಿ ಸೇರಿಸಿ ಉದುರಿಸುತ್ತೇನೆ. ನಮ್ಮ ಕೆಮ್ಮಣ್ಣಿಗೆ ಆಲೆಮನೆ ಬೆಲ್ಲಕ್ಕಿಂತ ಹತ್ತಿರದ ಬಣ್ಣ ಇಲ್ಲ.

ಊರಿಗೊಂದು ಬೇಡಿಕೆ. ಮದ್ದೂರಿನವರಿಗೆ ಎಳನೀರು ಬೇಕೇ ಬೇಕು, ಅಲ್ಲಿನ ಎಪಿಎಂಸಿಯಿಂದ ಲಾರಿಗಟ್ಟಲೆ ಎಳನೀರು ಹೊರರಾಜ್ಯಕ್ಕೆ ಹೋಗುತ್ತದಲ್ಲ. ಗೊನೆ ಮಾಡಿ, ಒಂದರ ತಲೆ ಕೆತ್ತಿ, ಒಳಗೆ ಬಿಳಿ ಗಂಜಿ ಕಾಣುವ ಹಾಗೆ ಇಡಬೇಕು. ಒಬ್ಬರು ಮದ್ದೂರು ವಡೆಯನ್ನೂ ತರಕಾರಿ ಬುಟ್ಟಿಯಲ್ಲಿ ಇಡಿ ಎಂದು ಹಟ ಹಿಡಿದರು. ವಡೆ ತರಕಾರಿ ಅಲ್ಲವಲ್ಲ ಎಂದೆ. "ಈರುಳ್ಳಿ ಐತಲ್ಲ" ಎಂದರು. 1917ರ ಸುಮಾರಿಗೆ ರಾಮಚಂದ್ರ ಬುಧ್ಯ ಅವರು ಮದ್ದೂರು ರೈಲು ನಿಲ್ದಾಣದಲ್ಲಿ ಆ ವಡೆ ಶುರು ಮಾಡಿದಾಗಿಂದ ಅದನ್ನು ಯಾವ ಗುಂಪಿಗೆ ಸೇರಿಸಬೇಕೆಂದು ಯಾರೂ ಕೇಳಿಲ್ಲ, ನಾನ್ಯಾಕೆ ಕೇಳಲಿ; ಗೋಡಂಬಿ ಹಿಟ್ಟಿನಲ್ಲಿ ಕಾಸಿನಗಲ ತಟ್ಟಿ, ಅಂಚು ಹರಿದು, ಈರುಳ್ಳಿಯ ಎಳೆ ಕೆತ್ತಿ ಕೊಟ್ಟೆ. ಮಳವಳ್ಳಿಯವರು ದೊಡ್ಡ ಕುಂಬಳಕಾಯಿ ಕೇಳುತ್ತಾರೆ, ದೃಷ್ಟಿಗೆ ಒಳ್ಳೆಯದು ಎಂದು. ಮಂಡ್ಯ ಪೇಟೆಯವರದ್ದು ಪೇಪರು ಓದಿದವರ ತಮಾಷೆ: 2023ರ ಜುಲೈನಲ್ಲಿ ಟೊಮೆಟೊ ಕಿಲೋ ನೂರು ರೂಪಾಯಿ ದಾಟಿದಾಗ ಮದುವೆ ವಾರ್ಷಿಕೋತ್ಸವದ ಕೇಕಿನ ಮೇಲೆ ಚಿನ್ನದ ಒಡವೆ ಬೇಡ, ಟೊಮೆಟೊ ರಾಶಿ ಹಾಕಿ ಎಂದ ಗಂಡ ಒಬ್ಬರಿದ್ದಾರೆ. ಹೆಂಡತಿಗೆ ನಗು ಬಂದಿತೋ ಇಲ್ಲವೋ ಗೊತ್ತಿಲ್ಲ, ನನಗೆ ದುಡ್ಡು ಬಂತು.

ಈ ವಿದ್ಯೆಯೆಲ್ಲ ಹೊರಗಿನಿಂದ ಬಂದದ್ದು ಎನ್ನುವವರನ್ನು ನಾನು ಅಟ್ಟದ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಹಳೇ ಸೀರೆಯಲ್ಲಿ ಸುತ್ತಿದ ಮರದ ಅಚ್ಚುಗಳಿವೆ, ನಮ್ಮ ಅಜ್ಜಿಯವು. ಸಂಕ್ರಾಂತಿ ಹತ್ತಿರ ಬಂತೆಂದರೆ ಸಕ್ಕರೆ ಅಚ್ಚು ಹೊಯ್ಯುವ ಸಂಭ್ರಮ. ಸಕ್ಕರೆಗೆ ನೀರು ಹಾಕಿ ಕಾಯಿಸಿ, ಹಾಲು ಬಿಟ್ಟು ಕೊಳೆ ಮೇಲಕ್ಕೆ ಬರಿಸಿ, ಬಟ್ಟೆಯಲ್ಲಿ ಸೋಸಿ, ಮತ್ತೆ ಸ್ವಲ್ಪ ಸ್ವಲ್ಪವೇ ಪಾಕವನ್ನು ಪುಟ್ಟ ಪಾತ್ರೆಯಲ್ಲಿಟ್ಟು, ಬೆಳ್ಳಗೆ ಮಂದವಾಗುವ ತನಕ ತಿರುವಿ, ನೆನೆಸಿ ಕಟ್ಟಿದ ಅಚ್ಚಿಗೆ ಹೊಯ್ಯುವುದು. ಒಂದು ನಿಮಿಷ ಹೆಚ್ಚಾದರೆ ಪಾತ್ರೆಯಲ್ಲೇ ಗಟ್ಟಿ, ಕಡಿಮೆಯಾದರೆ ಅಚ್ಚಿನ ಸಂದಿಯಲ್ಲಿ ಸೋರಿಕೆ. ದಾರ ಬಿಚ್ಚಿ ಹಲಗೆ ಬೇರೆ ಮಾಡಿದರೆ ಗಿಳಿ, ಆನೆ, ಗೋಪುರ, ತುಳಸಿಕಟ್ಟೆ. ಅವುಗಳ ಜೊತೆಗೇ ಬಾಳೆಗೊನೆ, ಮಾವಿನಕಾಯಿ, ಕುಂಬಳಕಾಯಿ, ಬದನೆಕಾಯಿ, ಹೀರೆಕಾಯಿ. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆಯ ಪೊಟ್ಟಣದ ಮೇಲೆ ಒಂದು ಅಚ್ಚು, ಪಕ್ಕದಲ್ಲಿ ಕಬ್ಬಿನ ಜಲ್ಲೆ. ಕೇಕು ಈ ಸೀಮೆಗೆ ಬರುವ ಮೊದಲೇ ಅದರ ಮೇಲಿಡುವ ತರಕಾರಿ ತಯಾರಾಗಿತ್ತು ಅಂತ ಇಟ್ಟುಕೊಳ್ಳಿ. ಆ ಅಚ್ಚಿಗೆ ಗೋಡಂಬಿ ಹಿಟ್ಟು ಒತ್ತಿದರೆ ಏನಾಗುತ್ತದೆ ನೋಡಿದೆ. ತುಪ್ಪ ಸವರಿದರೆ ಚೆನ್ನಾಗಿ ಬಿಡುತ್ತದೆ. ಆ ಅಚ್ಚು ಕೆತ್ತಿದವನಿಗೆ ಹೀರೆಕಾಯಿಯ ಹತ್ತು ಏಣು ಗೊತ್ತಿತ್ತು. ಸಿಲಿಕಾನ್ ಅಚ್ಚು ಮಾಡುವ ಕಾರ್ಖಾನೆಗೆ ಗೊತ್ತಿಲ್ಲ. ಅಲ್ಲಿಂದ ಬರುವುದು ಕ್ಯಾರೆಟ್, ಬಟಾಣಿ, ಬ್ರೊಕೊಲಿ, ಕುಂಬಳ ಎಂದರೆ ಅಮೆರಿಕದ ಕಿತ್ತಳೆ ಕುಂಬಳ.

ಬೆಂಗಳೂರಿನಲ್ಲಿ ವರ್ಷದ ಕೊನೆಗೆ ನಡೆಯುವ ಕೇಕು ಪ್ರದರ್ಶನಕ್ಕೆ ಅರ್ಧ ಶತಮಾನದ ಇತಿಹಾಸ ಇದೆ, 2024ರಲ್ಲಿ ನಡೆದದ್ದು ಐವತ್ತನೆಯದು. ಆಳೆತ್ತರದ ಸಕ್ಕರೆ ಕಟ್ಟಡಗಳನ್ನು ನೋಡಿ ಬೆರಗಾಗುವುದು ಸಹಜ. ಆದರೆ ಅವು ದೂರದಿಂದ ನೋಡುವ ಕೆಲಸ, ಹಗ್ಗ ಕಟ್ಟಿರುತ್ತಾರೆ. ನಮ್ಮಲ್ಲಿ ಹಗ್ಗವಿಲ್ಲ. ಮುಟ್ಟುತ್ತಾರೆ, ಮೂಸುತ್ತಾರೆ, ಮಗುವಿನ ಕೈಗೆ ಕೊಡುತ್ತಾರೆ. ದೊಡ್ಡದು ದೂರದಿಂದ ಪಾಸಾಗಿಬಿಡುತ್ತದೆ. ಸಣ್ಣದು ಕಣ್ಣಿಗೆ ಅಷ್ಟು ಹತ್ತಿರ ಬರುವುದರಿಂದ ಸುಳ್ಳು ಹೇಳಲು ಅದಕ್ಕೆ ಜಾಗವೇ ಇರುವುದಿಲ್ಲ.

ಮಾಡುವುದಕ್ಕಿಂತ ಸಾಗಿಸುವುದು ದೊಡ್ಡ ಪಾಡು. ಮಂಡ್ಯದಿಂದ ಮದ್ದೂರು, ಅಲ್ಲಿಂದ ಭಾರತೀನಗರ ದಾಟಿ ಮಳವಳ್ಳಿ. ಕಬ್ಬು ಅರೆಯುವ ಕಾಲದಲ್ಲಿ ಭಾರತೀನಗರದ ಫ್ಯಾಕ್ಟರಿ ಮುಂದೆ ಟ್ರ್ಯಾಕ್ಟರುಗಳ ಸಾಲು, ಊರಿಗೆ ಮೂರರಂತೆ ಹಂಪು. ಹಸಿ ಬಾಣಂತಿಯನ್ನು ತವರಿಗೆ ಕರೆತರುವ ಹಾಗೆ ಕಾರು ಹೋಗಬೇಕು. ಕೇಕು ಹಿಂದಿನ ಸೀಟಿನಲ್ಲಲ್ಲ, ಕೆಳಗೆ ಕಾಲಿಡುವ ಜಾಗದಲ್ಲಿ ಚಪ್ಪಟೆಯಾಗಿ ಕೂರಬೇಕು. ತರಕಾರಿಗಳು ಬೇರೆ ಡಬ್ಬಿಯಲ್ಲಿ, ಅಕ್ಕಿಹಿಟ್ಟಿನ ಹಾಸಿಗೆ ಮೇಲೆ. ಕ್ರೀಮಿನ ಮೇಲೆ ಮೊದಲೇ ಇಟ್ಟರೆ ಸಕ್ಕರೆ ತೇವ ಎಳೆದುಕೊಂಡು ಬಣ್ಣ ಇಳಿಯುತ್ತದೆ, ಟೊಮೆಟೊ ಸುತ್ತ ಕೆಂಪು ಕೆಸರು. ಗೆಜ್ಜಲಗೆರೆ ಡೇರಿಯ ನಂದಿನಿ ಬೆಣ್ಣೆಯಲ್ಲಿ ಮಾಡಿದ ಕ್ರೀಮು ಸ್ವಲ್ಪ ತಡೆಯುತ್ತದೆ. ಏಪ್ರಿಲ್ ಬಿಸಿಲಿಗೆ ಅದೂ ಇಲ್ಲ. ಹಾಗಾಗಿ ಮಂಟಪಕ್ಕೆ ಹೋಗಿ, ಮೇಜಿನ ಮೇಲೆ ಕೇಕು ಕೂತ ಮೇಲೆ, ಜನರ ಮುಂದೆಯೇ ಒಂದೊಂದಾಗಿ ಮಡಿಯಲ್ಲಿ ನೆಡುತ್ತೇನೆ. ಸುತ್ತ ನಿಂತವರು ಸುಮ್ಮನಿರುತ್ತಾರೆಯೇ? "ಬೆಂಡೆ ಸಾಲು ಇನ್ನೂ ಸ್ವಲ್ಪ ದೂರ ಇರ್ಲಿ." "ಆಗಲಕಾಯ್ಗೆ ಚಪ್ರ ಎಲ್ಲಿ?" "ಮೂಲಂಗಿ ಪಕ್ಕ ಬದ್ನೆ ಯಾರಾದ್ರೂ ಹಾಕ್ತಾರಾ?" ಐದು ನಿಮಿಷದಲ್ಲಿ ನಾನು ಕೂಲಿಯವಳು, ಅವರೆಲ್ಲ ಜಮೀನ್ದಾರರು. ಹುಟ್ಟುಹಬ್ಬದ ಮಗು ಇಷ್ಟು ಹೊತ್ತಿಗೆ ನಿದ್ದೆ.

ರೇಟಿನ ಮಾತು ಬಂದಾಗ ಮಾತ್ರ ಎಲ್ಲರೂ ಮತ್ತೆ ಸಂತೆಯವರೇ. ಕೇಕಿಗೆ ಚೌಕಾಸಿ ಮಾಡುವುದಿಲ್ಲ, ಅದು ಕಿಲೋ ಲೆಕ್ಕ. ತರಕಾರಿಗೆ ಬೇರೆ ದುಡ್ಡು ಎಂದರೆ, "ಇಷ್ಟು ದುಡ್ಡಿಗೆ ಒಂದು ಮೂಟೆ ನಿಜವಾದ್ದೇ ಬತ್ತದಲ್ಲವ್ವ" ಎನ್ನುತ್ತಾರೆ. ಲೆಕ್ಕ ಸರಿಯಾಗಿಯೇ ಇದೆ, ವಾದಿಸುವುದಿಲ್ಲ. ಬೆಳೆದವನಿಗೆ ಆ ಮೂಟೆಗೆ ಎಷ್ಟು ಸಿಗುತ್ತದೆ ಎಂದು ನಾನು ಕೇಳಿದರೆ ಉತ್ತರ ಬರುವುದಿಲ್ಲ, ಒಂದು ನಿಟ್ಟುಸಿರು ಬರುತ್ತದೆ. ಆಮೇಲೆ ದುಡ್ಡು ಎಣಿಸಿ ಕೊಡುತ್ತಾರೆ.

ನನ್ನ ಬೇಸರ ಒಂದೇ. ಇಷ್ಟೆಲ್ಲ ಪರೀಕ್ಷೆ ಮಾಡಿ ಪಾಸು ಮಾಡಿದವರು ತಿನ್ನುವುದಿಲ್ಲ. ಚೆಂದ ಇದೆ ಎಂದು ಶೋಕೇಸಿನಲ್ಲಿ, ದಸರಾ ಗೊಂಬೆಗಳ ನಡುವೆ, ಫ್ರಿಡ್ಜಿನ ಬಾಗಿಲಲ್ಲಿ ಇಟ್ಟುಕೊಳ್ಳುತ್ತಾರೆ. ತಿಂಗಳಾದ ಮೇಲೆ ಫೋಟೊ ಕಳಿಸಿ, "ಅಕ್ಕಾ, ಬೂಸ್ಟು ಬಂದೈತೆ" ಎನ್ನುತ್ತಾರೆ. ಆದ್ದರಿಂದ ಕೇಳಿಕೊಳ್ಳುವುದು ಇಷ್ಟು: ಫ್ರಿಡ್ಜಿನಲ್ಲಿಡಬೇಡಿ, ಹೊರಗೆ ತೆಗೆದ ತಕ್ಷಣ ಬೆವರಿ ಬಣ್ಣ ಬಿಡುತ್ತವೆ. ಮಕ್ಕಳಿಗೆ ಕೊಡುವ ಮೊದಲು ಲವಂಗ ಕಿತ್ತುಬಿಡಿ. ಗೋಡಂಬಿಯದ್ದನ್ನು ಎರಡು ದಿನದೊಳಗೆ, ಇರುವೆ ಮುತ್ತುವ ಮೊದಲು, ತಿಂದು ಮುಗಿಸಿ.